ನಲವತ್ತಮೂರು ತಿರುವುಗಳ ಹಮ್ಮು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಘಾಟಿಯ ನೆತ್ತಿಗೆ ಮಾತ್ರ ಬಿಸಿಲು ತಾಗಿದೆ. ಕೆಳಗೆ ಕಣಿವೆಯಲ್ಲಿ ಹುಂಜಗಳಿಗೂ ಇನ್ನೂ ಚಳಿ. ಸಡಿಲ ಕಲ್ಲುಗಳು ಜಾರುವ ಇಳಿಜಾರಿನ ನಡುವೆ ಒಬ್ಬ ಮುದುಕ ಗುದ್ದಲಿ ಊರಿಕೊಂಡು ನಿಂತು ಒಂದು ಕಲ್ಲಿಗೆ ಬೈಯುತ್ತಿದ್ದಾರೆ.

“ನಿನ್ನೆ ನಿಮ್ಮಣ್ಣನ್ನ ಕೆಳಗೆ ಕಳಿಸಿದೆ. ಇವತ್ತು ನೀನು ಬಂದು ಅವನ ಜಾಗದಲ್ಲೇ ಕೂತಿದೀಯ. ನಿಮ್ಮ ವಂಶ ಮುಗಿಯೋದು ಯಾವಾಗ?”

ಗುದ್ದಲಿಯ ಮೂತಿ ತಗುಲಿದ್ದೇ ತಡ, ಕಲ್ಲು ತನ್ನ ಬಂಧುಬಳಗವನ್ನೆಲ್ಲ ಕರೆದುಕೊಂಡು ಸರಸರನೆ ಕೆಳಗೆ ಹೋಗುತ್ತದೆ. ಮುದುಕ ಖಾಲಿಯಾದ ಜಾಗದಲ್ಲಿ ಹಿಮ್ಮಡಿಯಿಂದ ನಾಲ್ಕು ಸಲ ತುಳಿಯುತ್ತಾರೆ. ಒಂದು ಹೆಜ್ಜೆಯಷ್ಟು ದಾರಿ ಆಯಿತು. ಇಂಥ ಎರಡು ಸಾವಿರ ಹೆಜ್ಜೆ ತುಳಿದರೆ ಇವತ್ತಿನ ಕೆಲಸ ಮುಗಿಯಿತು. ನಾಳೆ ಮತ್ತೆ ಮೊದಲಿನಿಂದ.

ಇವರ ಹೆಸರು ಹಮ್ಮು ಊಸಯೀದ್, ವಯಸ್ಸು ಅರವತ್ತೊಂದು. ನಮ್ಮ ಅಟ್ಲಾಸ್ ಬೆಟ್ಟಗಳಲ್ಲಿ ಹಮ್ಮು ಅನ್ನುವುದು ಗಂಡಸರ ಹೆಸರು. ಇಷ್ಟು ಹಮ್ಮಿಲ್ಲದ ಹಮ್ಮುವನ್ನು ಈ ಕಣಿವೆಯ ಶಾಲೆಯಲ್ಲಿ ಪಾಠ ಹೇಳುತ್ತಾ ಕಳೆದ ಹದಿನಾಲ್ಕು ವರ್ಷಗಳಲ್ಲಿ ನಾನು ಕಂಡಿಲ್ಲ.

ಚಾರಣಿಗರು ನಮ್ಮೂರಿಗೆ ಬರುವುದೇ ಬೆಟ್ಟದ ಸುತ್ತು ಹಾಕುವುದಕ್ಕೆ. ನಸುಕಿನಲ್ಲಿ ಊರು ಬಿಟ್ಟು, ಹಿಂಬದಿಯ ಬಂಡೆಗಳನ್ನು ಹತ್ತಿ, ಘಾಟಿ ದಾಟಿ, ಈ ಇಳಿಜಾರಿನಲ್ಲಿ ಇಳಿದು, ಹೊಳೆಯ ಪಕ್ಕದಲ್ಲಿ ನಡೆದು ಸಂಜೆಯ ಚಹಾಕ್ಕೆ ಮತ್ತೆ ಊರು ಸೇರುತ್ತಾರೆ. ಹತ್ತುವಾಗ ಏದುಸಿರು, ಇಳಿಯುವಾಗ ದೇವರ ಹೆಸರು. ಇಳಿಜಾರಿನ ಎಡಗಡೆ ಗಟ್ಟಿ ಬಂಡೆ ಇದೆ. ಬಲಗಡೆ ಕಲ್ಲುಗಳ ರಾಶಿ ಹಠಾತ್ತನೆ ಮುಗಿದು, ಹತ್ತು ಆಳೆತ್ತರದ ಪ್ರಪಾತ. ದಿನವೂ ಹಿಮ ಕಟ್ಟಿ ಕರಗುವಾಗ, ಗಾಳಿ ಬೀಸಿದಾಗ, ಆಡುಗಳು ಓಡಿದಾಗ ಕಲ್ಲುಗಳು ಜಾರಿ ದಾರಿಯನ್ನು ನುಂಗುತ್ತವೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಮ್ಮು ಇಳಿಜಾರಿನ ಬುಡದ ಕಲ್ಲುಗುಡಿಸಲಲ್ಲಿ ಮಲಗಿ, ಬೆಳಕು ಹರಿಯುತ್ತಲೇ ಮೇಲೆ ಹೋಗಿ ದಾರಿಯನ್ನು ಮತ್ತೆ ತುಳಿಯುತ್ತಾರೆ. ಇದಕ್ಕೆ ಊರ ಸಮಿತಿ ಕೊಡುವುದು ಬಾರ್ಲಿ ಹಿಟ್ಟು, ಚಹಾ ಮತ್ತು ಮೊಳಕೈಯುದ್ದದ ಒಂದು ಸಕ್ಕರೆ ಅಚ್ಚು.

ದಾರಿಗೆ ನಲವತ್ತಮೂರು ತಿರುವು. ಪ್ರತಿಯೊಂದಕ್ಕೂ ಹೆಸರಿದೆ. ಒಂಬತ್ತನೆಯದು ಅತ್ತೆ ತಿರುವು: “ನೋಡೋಕೆ ಮೆತ್ತಗೆ, ಕಾಲಿಟ್ರೆ ಗೊತ್ತಾಗುತ್ತೆ.” ಇಪ್ಪತ್ತೇಳನೆಯದು ಡಾಕ್ಟರ್ ತಿರುವು. ಯಾವುದೋ ದೇಶದ ಮೂಳೆ ಡಾಕ್ಟರೊಬ್ಬರು ಹೆದರಿ ಅಲ್ಲಿ ಕೂತವರು ಮೂರು ಗಂಟೆ ಏಳಲಿಲ್ಲವಂತೆ. ಅವರ ಸಂಕಟ ಏನೆಂದು ನನಗೆ ಗೊತ್ತು. ಹೋದ ಶುಕ್ರವಾರ ನಾನೂ ಅಲ್ಲೇ ಕೂತೆ. ಹಮ್ಮು ಹಿಂತಿರುಗಿಯೂ ನೋಡದೆ, “ಕೂತ್ಕೊಳ್ಳಿ ಮೇಷ್ಟ್ರೇ, ಡಾಕ್ಟರು ಜಾಗ ಬೆಚ್ಚಗೆ ಮಾಡಿ ಹೋಗಿದಾರೆ” ಅಂದರು.

ಇಪ್ಪತ್ತೆರಡು ವರ್ಷದ ಹಿಂದೆ ಹಮ್ಮು ಹೇಸರಗತ್ತೆಯ ಮೇಲೆ ಅತಿಥಿಗಳ ಸಾಮಾನು ಸಾಗಿಸುತ್ತಿದ್ದರು. ಒಂದು ದಿನ ಅವಸರಕ್ಕೆ ಬಿದ್ದ ಗೈಡ್ ಸುತ್ತುದಾರಿ ಬೇಡವೆಂದು ಈ ಇಳಿಜಾರಿನಲ್ಲೇ ಇಳಿಸಿದ. ಹೇಸರಗತ್ತೆ, ಹಮ್ಮು ಮತ್ತು ಅರವತ್ತು ಮೊಟ್ಟೆ ಒಟ್ಟಿಗೆ ಜಾರಿ ಬುಡ ಸೇರಿದವು.

“ಹೇಸರಗತ್ತೆ ಎದ್ದು ಮೈ ಕೊಡವಿಕೊಳ್ತು. ಮೊಟ್ಟೆ ಒಂದೂ ಒಡೀಲಿಲ್ಲ. ಒಡೆದಿದ್ದು ನನ್ನ ಕಾಲು. ಗೈಡ್ ಓಡಿ ಬಂದು ಮೊದಲು ಮೊಟ್ಟೆ ಎಣಿಸಿದ.”

ನಾಟಿ ವೈದ್ಯರು ಕಟ್ಟಿದ ಎಡಗಾಲು ಎರಡು ಬೆರಳು ಗಿಡ್ಡವಾಯಿತು. ಸಮತಟ್ಟು ನೆಲದ ಮೇಲೆ ಅವರು ಕುಂಟುತ್ತಾರೆ. ಇಳಿಜಾರಿನಲ್ಲಿ ಮಾತ್ರ ಕಥೆ ಬೇರೆ. “ಒಂದು ತಿರುವಲ್ಲಿ ಗಿಡ್ಡ ಕಾಲು ಬೆಟ್ಟದ ಕಡೆ, ನಾನು ರಾಜ. ಮುಂದಿನ ತಿರುವಲ್ಲಿ ಅದೇ ಕಾಲು ಪ್ರಪಾತದ ಕಡೆ, ನಾನು ಭಿಕ್ಷುಕ. ಹೀಗೆ ದಿನಕ್ಕೆ ನಲವತ್ತಮೂರು ಸಲ.” ಅಂದು ಬಿದ್ದಲ್ಲೇ ಮಲಗಿ ಮೇಲೆ ನೋಡುತ್ತಿದ್ದಾಗ, ದಾರಿ ಎಲ್ಲಿ ಇರಬೇಕಿತ್ತು ಅನ್ನುವುದು ಅವರಿಗೆ ಕಂಡಿತಂತೆ.

ಹೋದ ವರ್ಷ ಮೇ ತಿಂಗಳಲ್ಲಿ ಈ ದಾರಿಗೂ ಹಮ್ಮುವಿಗೂ ಋಣ ಹರಿಯುವುದರಲ್ಲಿತ್ತು. ಊರಿನ ದೊಡ್ಡ ವಸತಿಗೃಹದ ಯಜಮಾನರೂ ಸಮಿತಿಯ ಹಿರಿಯರೂ ಆದ ಹಾಜಿ ಉಬೆಲ್ಲಾ ಪೇಟೆಯಿಂದ ಎಂಬತ್ತು ಕಬ್ಬಿಣದ ಗೂಟ ತರಿಸಿದರು. ಗೂಟ ನೆಟ್ಟರೆ ಚಾರಣಿಗರು ಗೂಟ ನೋಡಿಕೊಂಡು ಇಳಿಯುತ್ತಾರೆ, ತುಳಿಯುವವನ ಅಗತ್ಯ ಏನಿದೆ ಅನ್ನುವುದು ಅವರ ಲೆಕ್ಕಾಚಾರ.

“ಹಮ್ಮು, ನೀನು ದಣಿದಿದೀಯ. ಕಬ್ಬಿಣಕ್ಕೆ ದಣಿವಿಲ್ಲ” ಎಂದರು ಹಾಜಿ, ಇಡೀ ಸಭೆಗೆ ಕೇಳುವಂತೆ.

“ಕಲ್ಲಿಗೂ ಇಲ್ಲ ಹಾಜಿಯವರೇ” ಎಂದಷ್ಟೇ ಹೇಳಿ ಹಮ್ಮು ಮನೆಗೆ ಹೋದರು.

ಮನೆಯಲ್ಲಿ ಏನಾಯಿತೆಂದು ಹೆಂಡತಿ ಇಜ್ಜಾ ಬಾಯಲ್ಲೇ ಕೇಳಬೇಕು. “ಇಪ್ಪತ್ತು ವರ್ಷ ಇವನನ್ನ ಬೆಟ್ಟಕ್ಕೆ ಕಳಿಸಿ ಸುಖವಾಗಿದ್ದೆ ಮೇಷ್ಟ್ರೇ. ಹನ್ನೊಂದು ದಿನ ಮನೇಲಿದ್ದ. ಅಂಗಳದ ಕಲ್ಲೆಲ್ಲ ಎಬ್ಬಿಸಿ ಮತ್ತೆ ಹಾಸಿದ. ಕೋಳಿಗೂಡಿಗೆ ದಾರಿ ಮಾಡಿದ. ಅದಕ್ಕೂ ತಿರುವು! ಕೋಳಿಗಳು ತಲೆ ತಿರುಗಿ ಮೊಟ್ಟೆ ಇಡೋದನ್ನೇ ಬಿಟ್ವು.”

ಹಮ್ಮು ನಗುತ್ತಾರೆ, ಆಮೇಲೆ ಇಳಿಜಾರಿನ ಕಡೆ ತಿರುಗುತ್ತಾರೆ. “ಮಾಡಿನ ಮೇಲೆ ನಿಂತ್ರೆ ಇಳಿಜಾರು ಕಾಣುತ್ತೆ. ದಿನಾ ನೋಡ್ತಿದ್ದೆ. ಮೊದಲು ಹನ್ನೆರಡನೇ ತಿರುವು ಅಳಿಸಿಹೋಯ್ತು. ಆಮೇಲೆ ಹದಿನೈದು, ಹದಿನಾರು. ನಮ್ಮನೆಯೋರ ಮುಖ ಮರೆತ ಹಾಗೆ ಆಗ್ತಿತ್ತು.”

ಹನ್ನೆರಡನೇ ದಿನ ಮಾಡಿನ ಮೇಲಿಂದ ಅವರಿಗೆ ಕಂಡಿದ್ದು ಒಂದು ಬಿಳಿ ಚುಕ್ಕೆ. ಯಾರೂ ಕೂರಬಾರದ ಜಾಗದಲ್ಲಿ, ಪ್ರಪಾತದ ಅಂಚಿನಿಂದ ಎಂಟು ಮಾರು ಮೇಲೆ ಕೂತಿತ್ತು. ಅದು ಹಾಜಿಯ ಬಿಳಿ ನಿಲುವಂಗಿ. ಪೇಟೆಯಿಂದ ಬಂದ ಇಬ್ಬರಿಗೆ ಗೂಟಗಳ ವ್ಯವಸ್ಥೆ ತೋರಿಸಲು ಹಾಜಿ ಖುದ್ದು ಘಾಟಿಯಿಂದ ಇಳಿದಿದ್ದರು. ಗೂಟಗಳೂ ಅಷ್ಟು ದಿನದಲ್ಲಿ ಕಲ್ಲಿನ ಜೊತೆ ಸಂಸಾರ ಹೂಡಿ ಬಲಕ್ಕೆ ಜಾರಿಕೊಂಡಿದ್ದವು. ನಂಬಿದವರನ್ನು ನೇರ ಪ್ರಪಾತದ ಕಡೆಗೇ ಕರೆದೊಯ್ದವು. ಹಗುರ ಮೈಯ ಅತಿಥಿಗಳಿಬ್ಬರೂ ಹೇಗೋ ಮೇಲಕ್ಕೆ ಹತ್ತಿಕೊಂಡರು. ಹಾಜಿ ಒಂದು ಗೂಟವನ್ನು ತಬ್ಬಿ ಕೂತುಬಿಟ್ಟರು.

ಹಮ್ಮು ಗುದ್ದಲಿ ಹಿಡಿದು ಬಂದಾಗ, ಒಂದೊಂದು ಸಲ ದೇವರನ್ನು ಕೂಗಿದಾಗಲೂ ಹಾಜಿ ಗೇಣುದ್ದ ಕೆಳಗೆ ಜಾರುತ್ತಿದ್ದರು.

“ಹಮ್ಮು, ಬೇಗ ಬಂದು ಹಿಡ್ಕೋ!”

“ಮೊದಲು ಬಾಯಿ ಮುಚ್ಚಿ ಹಾಜಿಯವರೇ. ಮನಸ್ಸಲ್ಲೇ ಕರೀರಿ, ಅವನಿಗೆ ಕೇಳಿಸುತ್ತೆ.”

ನೇರ ಹೋದರೆ ಕಲ್ಲೆಲ್ಲ ಹಾಜಿಯ ಮೇಲೆ ಬರುತ್ತದೆ. ಅದಕ್ಕೇ ಹಮ್ಮು ಎಡಗಡೆಯ ಬಂಡೆಯಿಂದ ಅಡ್ಡಲಾಗಿ ತುಳಿಯುತ್ತಾ ಬಂದರು. ಎಪ್ಪತ್ತು ಹೆಜ್ಜೆ, ಒಂದು ಗಂಟೆ.

“ಈಗ ಗೂಟ ಬಿಡಿ.”

“ಬಿಟ್ರೆ ಬೀಳ್ತೀನಿ ಕಣೋ!”

“ಅದೆಲ್ಲಿ ನಿಮ್ಮನ್ನ ಹಿಡ್ಕೊಂಡಿದೆ? ನೀವೇ ಅದನ್ನ ಹಿಡ್ಕೊಂಡಿರೋದು. ಬಿಡಿ. ನನ್ನ ನಡುಪಟ್ಟಿ ಹಿಡ್ಕೊಂಡು ಏಳಿ. ಬೆಟ್ಟದ ಕಡೆ ವಾಲಬೇಡಿ, ಅಪ್ಪಿಕೊಂಡಷ್ಟೂ ಜಾರಿಸುತ್ತೆ. ಅತ್ತೆ ಮನೆಗೆ ಜಗಳಕ್ಕೆ ಹೋಗೋ ಹಾಗೆ ನೆಟ್ಟಗೆ, ಹಿಮ್ಮಡಿ ಕುಟ್ಟಿ ನಡೀರಿ.”

“ನನ್ನ ಅತ್ತೆ ತೀರಿಕೊಂಡು ಆರು ವರ್ಷ ಆಯ್ತು!”

“ಹಾಗಾದ್ರೆ ಇನ್ನೂ ಧೈರ್ಯವಾಗಿ ನಡೀಬಹುದು.”

ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ. ಹಮ್ಮು ಗುದ್ದಲಿಯ ಹಿಡಿಯನ್ನೇ ಉಜ್ಜುತ್ತಾ ಕೂತರು. “ಆಯ್ತು. ಹಾಜಿ ತೂಕ ನೂರಹತ್ತು ಕಿಲೋ, ನಂದು ಐವತ್ತೆಂಟು. ಅವರು ಜಾರಿದ್ರೆ ನಾನು ತಡೆಯೋ ಕಲ್ಲಲ್ಲ ಮೇಷ್ಟ್ರೇ, ಜೊತೆಗೆ ಹೋಗೋ ಕಲ್ಲು. ಪಟ್ಟಿ ಬಿಚ್ಚಿ ಅವರ ಕೈಗೆ ಕೊಟ್ಟು ಬಿಡೋಣ ಅಂತ ಒಂದು ಸಲ ಅನ್ನಿಸ್ತು. ಆದ್ರೆ ಪಟ್ಟಿ ಇಲ್ದಿದ್ರೆ ಚಡ್ಡಿ ನಿಲ್ಲಲ್ಲ.”

ಮೂವತ್ತು ನಿಮಿಷದ ಇಳಿತಕ್ಕೆ ಅಂದು ಎರಡೂವರೆ ಗಂಟೆ ಹಿಡಿಯಿತು. ಗುಡಿಸಲಲ್ಲಿ ಮೂರು ಲೋಟ ಚಹಾ ಕುಡಿದ ಮೇಲೆ ಹಾಜಿ ಬಾಯಿ ಬಿಟ್ಟರು.

“ಇದು ನಮ್ಮಿಬ್ಬರಲ್ಲೇ ಇರಲಿ ಹಮ್ಮು.”

ಹಮ್ಮು ಮಾತು ಉಳಿಸಿಕೊಂಡರು. ಇಜ್ಜಾಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಇಜ್ಜಾ ಕೂಡ ಊರಲ್ಲಿ ಹೇಳಲಿಲ್ಲ. “ಬುಗ್ಗೆಯ ಹತ್ರ ನೀರು ಹಿಡಿಯೋಕೆ ಬಂದೋರಿಗೆ ಮಾತ್ರ ಹೇಳಿದೆ” ಅನ್ನುತ್ತಾಳೆ. ನಮ್ಮೂರಲ್ಲಿ ಇರುವುದು ಅದೊಂದೇ ಬುಗ್ಗೆ.

ಮುಂದಿನ ಸಭೆಯಲ್ಲಿ ಹಾಜಿ ಎದ್ದು ನಿಂತು, “ಈ ಗೂಟಗಳನ್ನ ನಾನೇ ಖುದ್ದು ಪರೀಕ್ಷೆ ಮಾಡಿದೆ. ಸಾಲದು” ಎಂದು ಗಂಭೀರವಾಗಿ ಹೇಳಿದರು. ಹೆಂಗಸರು ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡರು. ಸಕ್ಕರೆ ಅಚ್ಚು ಒಂದಿದ್ದದ್ದು ಎರಡಾಯಿತು. ಕೈಗೆ ಸಿಕ್ಕ ಗೂಟಗಳು ಈಗ ಇಜ್ಜಾಳ ಹಿತ್ತಲಲ್ಲಿ ಹುರುಳಿಕಾಯಿ ಬಳ್ಳಿಗೆ ಆಸರೆಯಾಗಿವೆ.

ಮಾತು ಮುಗಿಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿದೆ. ಗುಡಿಸಲ ಮುಂದೆ ನಾವು ಬಾರ್ಲಿ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ತಿನ್ನುತ್ತಿದ್ದೇವೆ. ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ. ಹಮ್ಮು ಬಾಯಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡುತ್ತಾರೆ.

ಮೇಲೆ ಘಾಟಿಯಿಂದ ಏಳು ಜನ ಇಳಿಯುತ್ತಿದ್ದಾರೆ. ಮುಂದಿನವಳು ಹದ್ದೊಂದನ್ನು ತೋರಿಸಿ ಏನೋ ಕೂಗುತ್ತಾಳೆ. ಹಿಂದಿನವರೆಲ್ಲ ಕತ್ತೆತ್ತಿ ನೋಡುತ್ತಾ, ನಗುತ್ತಾ, ತಿರುವಿನಿಂದ ತಿರುವಿಗೆ ಬರುತ್ತಾರೆ. ನಮ್ಮನ್ನು ದಾಟಿ ಹೊಳೆಯ ಕಡೆ ಹೋಗುತ್ತಾರೆ. ಗುಡಿಸಲ ಮುಂದೆ ಕೂತವರನ್ನು ಯಾರೂ ಗಮನಿಸುವುದಿಲ್ಲ.

ಒಂದು ನಮಸ್ಕಾರವನ್ನೂ ಹೇಳಲಿಲ್ಲವಲ್ಲ ಎಂದು ನಾನು ಗೊಣಗುತ್ತೇನೆ.

“ಅಯ್ಯೋ ಬಿಡಿ ಮೇಷ್ಟ್ರೇ” ಎಂದು ಹಮ್ಮು ರೊಟ್ಟಿಯ ಕೊನೆಯ ಚೂರಿನಿಂದ ತಟ್ಟೆ ಒರೆಸುತ್ತಾರೆ. “ದಾರಿ ಕೆಟ್ಟಿದ್ರೆ ಜನ ಕಾಲು ನೋಡ್ಕೊಂಡು ನಡೀತಾರೆ. ಇವರು ಹದ್ದು ನೋಡ್ಕೊಂಡು ಬಂದ್ರು. ಏಳಕ್ಕೆ ಏಳೂ ಜನ!”