ತವರಿನವಳು

ಅವಳ ತುಟಿ ವರ್ಷವಿಡೀ ಒಡೆದಿರುತ್ತಿತ್ತು. ಎಲ್ಲರಿಗೂ ದೆಹಲಿಯ ಚಳಿಯಲ್ಲಿ ತುಟಿ ಒಡೆದರೆ ಅವಳಿಗೆ ಬೇಸಿಗೆಯಲ್ಲೇ ಹೆಚ್ಚು. ನಕ್ಕಾಗ ಕೆಳತುಟಿಯ ನಡುವಿನ ಬಿರುಕು ತೆರೆದು ಒಂದು ಹನಿ ರಕ್ತ ಕಾಣಿಸಿಕೊಳ್ಳುತ್ತಿತ್ತು. ಅದನ್ನು ದುಪಟ್ಟಾದ ಅಂಚಿನಿಂದ ಒತ್ತಿಕೊಂಡು ನಗುವನ್ನು ಮುಂದುವರಿಸುತ್ತಿದ್ದಳು. ಅಂಥ ತುಟಿ ಇಟ್ಟುಕೊಂಡೂ ನೋಡಿದವರು ತಿರುಗಿ ನೋಡುವಷ್ಟು ಚೆಂದವಾಗಿದ್ದಳಲ್ಲ, ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರು.

ಲಕ್ಷ್ಮೀ ನಗರದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ಸಿಎ ಓದುವ ಹುಡುಗರೇ ತುಂಬಿದ್ದ ಗಲ್ಲಿಯೊಂದರ ಮೇಲ್ಮಹಡಿಯಲ್ಲಿ ಅವಳೂ ನಾನೂ ಒಂದು ಕೋಣೆ ಹಂಚಿಕೊಂಡಿದ್ದೆವು. ಇಬ್ಬರಿಗೂ ಒಂದೇ ಸಂಸ್ಥೆಯಲ್ಲಿ ಕೆಲಸ. ಘಾಜಿಯಾಬಾದ್ ದಾಟಿದ ಮೇಲೆ ಸಿಗುವ ಹಳ್ಳಿಗಳಲ್ಲಿ, ಹೊಲವಿಲ್ಲದ, ದುಡಿಯುವ ಗಂಡಸಿಲ್ಲದ ಮನೆಗಳನ್ನು ಹುಡುಕಿ, ಅವರಿಗೆ ಆಡು ಕೊಡಿಸಿ, ಸಾಕುವುದನ್ನು ಕಲಿಸಿ, ಆ ಸಂಸಾರ ತನ್ನ ಕಾಲ ಮೇಲೆ ನಿಲ್ಲುವ ತನಕ ಬೆನ್ನಿಗಿರುವುದು. ನಾನು ಅವಳಿಗಿಂತ ಮೊದಲು ಸೇರಿದವಳು. ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದರಿಂದ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಅವರು ನಿವೃತ್ತರಾಗಿ ತುಮಕೂರಿಗೆ ಹೊರಟಾಗಲೂ ಇಲ್ಲೇ ಉಳಿದವಳು. ಹಿಂದಿ ನನಗೆ ನೀರು ಕುಡಿದಷ್ಟು ಸಲೀಸು. ಗದಗಿನಿಂದ ನೇರವಾಗಿ ಬಂದ ಅವಳ ಹಿಂದಿಯಲ್ಲಿ ಎಮ್ಮೆಗಳೆಲ್ಲ ಗಂಡಾಗಿ, ಗಂಡಸರೆಲ್ಲ ಹೆಣ್ಣಾಗಿ ಬರುತ್ತಿದ್ದರು. ಹಳ್ಳಿಯ ಹೆಂಗಸರು ಸೆರಗಿನೊಳಗೆ ಬಿದ್ದು ಬಿದ್ದು ನಗುತ್ತಿದ್ದರು. ನಕ್ಕು ನಕ್ಕು ಅವಳನ್ನು ಹತ್ತಿರ ಕೂರಿಸಿಕೊಳ್ಳುತ್ತಿದ್ದರು. ನನ್ನ ತಪ್ಪಿಲ್ಲದ ಹಿಂದಿಗೆ "ಅಚ್ಛಾ ಜೀ" ಎಂದು ತಲೆಯಾಡಿಸುತ್ತಿದ್ದರು, ಅಷ್ಟೇ.

ಮಿಕ್ಕ ಹಳ್ಳಿಗಳಿಗೆ ನಾವು ಒಬ್ಬೊಬ್ಬರೇ ಹೋಗುತ್ತಿದ್ದೆವು. ಒಟ್ಟಿಗೆ ಹೋಗುತ್ತಿದ್ದದ್ದು ಕಾಲುವೆಯ ದಡದ ಒಂದು ದೊಡ್ಡ ಊರಿಗೆ. ಆನಂದ ವಿಹಾರದಿಂದ ಬಸ್ಸು, ಅಲ್ಲಿಂದ ಟೆಂಪೋ, ಆಮೇಲೆ ಕಾಲುವೆಯ ಏರಿಯ ಮೇಲೆ ನಡಿಗೆ. ಊರು ಮುಟ್ಟಿದ ಕೂಡಲೇ ನಾನು ಎಲ್ಲರ ಕ್ಷೇಮ ವಿಚಾರಿಸುತ್ತ ನಿಂತರೆ, ಅವಳು ಮಾತೇ ಆಡದೆ ಯಾರದೋ ಹಟ್ಟಿಗೆ ನುಗ್ಗಿ ಮೇವು ಕತ್ತರಿಸುವ ಚಕ್ರ ತಿರುಗಿಸಲು ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹೆಂಗಸರೇ ಸುತ್ತ ಸೇರುತ್ತಿದ್ದರು. ಮಧ್ಯಾಹ್ನ ಯಾರಾದರೊಬ್ಬರು ಅವಳನ್ನು ಹೊಸ್ತಿಲಲ್ಲಿ ಕೂರಿಸಿಕೊಂಡು ತಲೆಗೆ ಸಾಸಿವೆ ಎಣ್ಣೆ ತಿಕ್ಕುತ್ತಿದ್ದರು. ನನ್ನ ಕೂದಲು ಅವಳದಕ್ಕಿಂತ ಉದ್ದವಿತ್ತು, ದಟ್ಟವಿತ್ತು. ಒಂದು ದಿನವಾದರೂ ಒಬ್ಬಳಾದರೂ ಮುಟ್ಟಿದ್ದರೆ ಕೇಳಿ.

ಹೋಗಲಿ, ಅವಳು ನನಗಿಂತ ಹೆಚ್ಚು ಬೆರೆಯುತ್ತಿದ್ದಳು ಎನ್ನೋಣವೆಂದರೆ, ಅದೂ ಇಲ್ಲ. ಆ ಊರಲ್ಲಿ ಅವಳು ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಚಹಾ ಬೇಡ, ಮಜ್ಜಿಗೆ ಬೇಡ, ಜ್ಯೇಷ್ಠದ ಬಿಸಿಗಾಳಿ ಮುಖಕ್ಕೆ ಬಡಿಯುವಾಗಲೂ ಒಂದು ಲೋಟ ನೀರು ಬೇಡ. ಹಳ್ಳಿಯಲ್ಲಿ ಕೊಟ್ಟದ್ದನ್ನು ಬೇಡ ಅನ್ನಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಅದನ್ನು ಪಾಲಿಸಿ ನಾನು ಮನೆ ಮನೆಯಲ್ಲೂ ಸಕ್ಕರೆ ಸುರಿದ ಚಹಾ ಕುಡಿದು, ಕೈಪಂಪಿನ ನೀರು ಕುಡಿದು, ಒಂದು ಸಲ ಕಾಮಾಲೆಯನ್ನೂ ತಂದುಕೊಂಡೆ. ಅವಳು ಕಾಲುವೆಯ ಸೇತುವೆ ದಾಟಿದ ಮೇಲೆಯೇ ಚೀಲದಿಂದ ಬಾಟಲಿ ತೆಗೆದು ಗಟಗಟನೆ ಎತ್ತುತ್ತಿದ್ದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಾನೂ ಕಾದೆ. ಬರಲಿಲ್ಲ. ಮಡಿಯೋ, ಜಾತಿಯೋ, ಹೊಟ್ಟೆ ಕೆಡುವ ಹೆದರಿಕೆಯೋ ಅಂದುಕೊಂಡೆ. ಕಚೇರಿಯ ಮೀಟಿಂಗಿನಲ್ಲಿ ನಮ್ಮ ಮುಖ್ಯಸ್ಥರು ಅದಕ್ಕಾಗಿ ಅವಳನ್ನು ಎಲ್ಲರೆದುರು ಗದರಿದಾಗ ನನಗೆ ಹಬ್ಬದೂಟ ಉಂಡಂತಾಯಿತು. ಅವಳು ದುಪಟ್ಟಾದ ಅಂಚನ್ನು ತುಟಿಗೆ ಒತ್ತಿಕೊಂಡು ಕೂತಿದ್ದಳು.

ಆ ಊರಲ್ಲಿ ಒಬ್ಬ ಚಿಕ್ಕ ವಯಸ್ಸಿನ ವಿಧವೆ ಇದ್ದಳು. ಅಲ್ಲೆಲ್ಲ ಹೆಣ್ಣುಮಕ್ಕಳು ಕಡಿಮೆ. ಮದುವೆಯಾಗದೆ ಉಳಿದ ಗಂಡಸರಿಗೆ ಬಂಗಾಳದ ಕಡೆಯ ಬಡ ಹುಡುಗಿಯರನ್ನು ತರುವ ರೂಢಿ. ಹಾಗೆ ಬಂದವಳು ಇವಳು. ಗಂಡ ಸತ್ತ ಮೇಲೆ ಒಂದು ಮಗು, ಮುದುಕಿ ಅತ್ತೆ, ನಾವು ಕೊಡಿಸಿದ ಆಡುಗಳು ಮತ್ತು ಅವನ್ನು ಕಟ್ಟಲು ಹಟ್ಟಿಯ ಒಂದು ಮೂಲೆ, ಇಷ್ಟೇ ಅವಳ ಸಂಸಾರ. ಆಡುಗಳು ಈದು ಹಟ್ಟಿ ತುಂಬುತ್ತ ಬಂದಂತೆ ಅವಳ ಭಾವನ ಕಣ್ಣು ಆ ಮೂಲೆಯ ಮೇಲೆ ಬಿತ್ತು. ಜಾಗ ತನ್ನದು ಎಂದು ಒಂದು ಬೆಳಿಗ್ಗೆ ಆಡಿನ ಚಪ್ಪರ ಕಿತ್ತು ಬಿಸಾಡಿದ. ಜಾಗ ಹೋದರೆ ಆಡು ಹೋಯಿತು, ಆಡು ಹೋದರೆ ಅವಳು ಮಗುವನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಊರ ಹಿರಿಯರು ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿಸಿದರು.

ಮಾತಾಡುವ ಜವಾಬ್ದಾರಿಯನ್ನು ಕಚೇರಿ ನನಗೆ ಕೊಟ್ಟಿತ್ತು. ನಾನೂ ತಯಾರಾಗಿ ಹೋಗಿದ್ದೆ. ವಿಧವೆಯ ಹಕ್ಕು, ಕಾನೂನು, ನ್ಯಾಯ, ಮಗುವಿನ ಭವಿಷ್ಯ, ಒಂದನ್ನೂ ಬಿಡದೆ ಹೇಳಿದೆ. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲೂ ಮಾತಾಡಿರಲಿಲ್ಲ, ಆಮೇಲೂ ಆಡಿಲ್ಲ. ಹಿರಿಯರಲ್ಲಿ ಹಿರಿಯರಾದ ಒಬ್ಬರು ಹುಕ್ಕಾದಿಂದ ಬಾಯಿ ತೆಗೆದು, "ಬಹಳ ಚೆನ್ನಾಗಿ ಹೇಳಿದೆ ಬೇಟೀ. ಕೂತ್ಕೋ, ಚಹಾ ಕುಡಿ" ಎಂದರು. ನನ್ನ ಕೈಗೆ ಲೋಟ ಬಂತು. ಆಮೇಲೆ ಅವರು ಸಭೆಯ ಕಡೆ ತಿರುಗಿ ಕೇಳಿದರು, "ಈ ಸೊಸೆಯ ತವರಿನಿಂದ ಯಾರು ಬಂದಿದ್ದಾರೆ?"

ಭಾವ ನಕ್ಕ. "ಇವಳಿಗೆಲ್ಲಿಯ ತವರು, ದೊಡ್ಡಪ್ಪಾ!"

ನನ್ನ ರೂಮ್‌ಮೇಟ್ ಹೆಂಗಸರ ಮಧ್ಯೆ ನೆಲದ ಮೇಲೆ ಕೂತಿದ್ದವಳು ಎದ್ದಳು. "ಮೈಂ ಹೂಂ," ಎಂದಳು. ನಾನಿದ್ದೇನೆ.

"ನೀನು ಆಫೀಸಿನವಳು," ಎಂದ ಭಾವ. "ಸಂಬಳಕ್ಕೆ ಬರುವವಳು. ತವರಿನವಳು ಹೇಗಾಗ್ತೀಯ?"

ಆಗ ಹೆಂಗಸರ ಹಿಂದಿನಿಂದ, ಮುಸುಕಿನೊಳಗಿಂದ, ಯಾರೂ ಎಣಿಸದಿದ್ದ ಒಂದು ದನಿ ಬಂತು. ಅದು ಅವನ ತಾಯಿಯದೇ, ಆ ವಿಧವೆಯ ಅತ್ತೆಯದು. "ಹೋದ ತೀಜ್ ಹಬ್ಬಕ್ಕೆ ಎಲ್ಲ ಸೊಸೆಯರಿಗೂ ತವರಿನಿಂದ ಸೀರೆ ಬಂತು. ಇವಳು ಒಲೆ ಮುಂದೆ ಅಳ್ತಾ ಕೂತಿದ್ದಳು. ಈ ಹುಡುಗಿ ಸೀರೆ ಹಿಡ್ಕೊಂಡು ಬಂದು, ನಾನು ನಿನ್ನ ಅಕ್ಕ ಅಂದಳು. ಅವತ್ತಿನಿಂದ ಈ ಊರಿನ ಒಂದು ಗುಟುಕು ನೀರು ಕುಡಿದಿಲ್ಲ. ಯಾರಾದರೂ ನೋಡಿದ್ದರೆ ಹೇಳಿ."

ಮಗಳನ್ನು ಕೊಟ್ಟ ಊರಲ್ಲಿ ತವರಿನ ಹಿರಿಯರು ನೀರು ಮುಟ್ಟುವುದಿಲ್ಲ ಎಂಬುದು ಆ ಸೀಮೆಯ ಪದ್ಧತಿ. ಅಪ್ಪ, ಅಮ್ಮ, ಅಣ್ಣ, ಅಕ್ಕ, ಯಾರೇ ಆಗಲಿ, ಕೊಟ್ಟ ಮನೆಯಿಂದ ಏನನ್ನೂ ಪಡೆಯಬಾರದು. ನನಗೂ ಇದು ಗೊತ್ತಿದ್ದದ್ದೇ. ಆದರೆ ಗದಗಿನವಳೊಬ್ಬಳು ಬಂಗಾಳದವಳೊಬ್ಬಳಿಗಾಗಿ ಅದನ್ನು ಪಾಲಿಸುತ್ತಿದ್ದಾಳೆಂದು ಹೊಳೆಯುವುದಾದರೂ ಹೇಗೆ? ಹಿರಿಯರು ಹುಕ್ಕಾವನ್ನು ಪಕ್ಕಕ್ಕಿಟ್ಟರು. ಆಮೇಲೆ ಅವಳನ್ನು ಕರೆದು ತಮ್ಮ ಎದುರಿಗೇ ನಿಲ್ಲಿಸಿಕೊಂಡು, "ಹೇಳು, ತವರಿನವರು ಏನು ಕೇಳ್ತೀರಿ?" ಎಂದರು. ಅವಳು ತನ್ನ ಗಂಡು ಹೆಣ್ಣು ಕಲಸಿದ ಹಿಂದಿಯಲ್ಲಿ, ತಂಗಿಗೆ ಆ ಮೂಲೆ ಬೇಕು, ಕಿತ್ತ ಚಪ್ಪರವನ್ನು ಕಿತ್ತವರೇ ಕಟ್ಟಿಕೊಡಬೇಕು ಎಂದಳು. ಅಂದು ಯಾರೂ ನಗಲಿಲ್ಲ. ಹಾಗೆಯೇ ತೀರ್ಮಾನವಾಯಿತು. ನಾನು ಲೋಟ ಹಿಡಿದುಕೊಂಡು ಕೂತಿದ್ದೆ.

ಆ ಹುಡುಗಿಗೆ ನೆಲೆ ಸಿಕ್ಕಿತು ಎಂಬ ಸಂತೋಷ ಇರಲಿಲ್ಲವೇ ಎಂದರೆ, ಇತ್ತು. ಆದರೆ ಸುಳ್ಳೇಕೆ, ಅದರ ಪಕ್ಕದಲ್ಲೇ ಬೆಂಕಿಯೂ ಇತ್ತು. ಏರಿಯ ಮೇಲೆ ಬರುವಾಗ ಕೇಳಿಯೇಬಿಟ್ಟೆ, "ನನಗೆ ಒಂದು ಮಾತು ಹೇಳಬಹುದಿತ್ತಲ್ಲ? ಆಫೀಸಿನಲ್ಲಿ ಬೈಸ್ಕೊಂಡಾಗಲಾದರೂ?"

"ಹೇಳಿದ್ರ ನೀನೂ ಕುಡಿಯೂದು ಬಿಡ್ತಿದ್ದಿ," ಎಂದಳು ಅವಳು. "ಇಬ್ರೂ ತವರುಮನಿಯವ್ರ ಆದ್ರ ಊರಿಗೆ ಬಂದ ಅತಿಥಿ ಯಾರು? ಚಹಾ ಕುಡ್ಯಾಕ ಯಾರರ ಒಬ್ರು ಬೇಕಲ್ಲ."

ತಮಾಷೆಗೆ ಹೇಳಿದ್ದಳು. ಅದು ನನಗೆ ಮುಳ್ಳಿನಂತೆ ಚುಚ್ಚಿತು. ಅವಳು ಮಾತ್ರ ನನ್ನ ಮುಖ ನೋಡಿ, "ಅಲ್ಲ, ನೀ ಅಷ್ಟು ಚಂದ ಮಾತಾಡಿದ್ದಕ್ಕ ಅವ್ರು ಕೂತು ಕೇಳಿದ್ರು" ಎಂದು ಸಮಾಧಾನ ಬೇರೆ ಮಾಡಿದಳು. ಹೊಟ್ಟೆಕಿಚ್ಚು ಪಡುವವರನ್ನು ಸಮಾಧಾನ ಮಾಡಬಾರದು. ಅದಕ್ಕಿಂತ ಉರಿಯುವುದು ಇನ್ನೊಂದಿಲ್ಲ.

ಹಾಗೆಂದು ನಾವೇನೂ ದೂರವಾಗಲಿಲ್ಲ. ಎಲ್ಲಿಂದಲೋ ಜೋಳದ ಹಿಟ್ಟು ತರಿಸಿ, ಪಕ್ಕದ ಕೋಣೆಯ ಹುಡುಗರು ಎದ್ದು ಬರುವಷ್ಟು ಸದ್ದು ಮಾಡಿ ರೊಟ್ಟಿ ತಟ್ಟುತ್ತಿದ್ದಳು. ಹರಿಯದ ರೊಟ್ಟಿ ನನಗೆ, ಹರಿದದ್ದು ತನಗೆ. ಅವಳಿಗೆ ಹಾಸಿಗೆ ಮಡಿಸುವ ಅಭ್ಯಾಸವೇ ಇರಲಿಲ್ಲ. ದಿನಾ ಬೈದುಕೊಂಡು ನಾನೇ ಮಡಿಸುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಹೇಳುತ್ತಿದ್ದ ಮಾತು ಒಂದೇ: "ಆಡು ಕೊಟ್ಟು ಬಂದ್ರ ಆತೇನು? ಆ ಹೆಣ್ಮಗಳ ಹಿಂದ ನಿಲ್ಲಾವ್ರು ಯಾರದಾರ, ಅದನ್ನ ಮೊದಲ ನೋಡ್ರಿ." ಇಂದು ನಾನು ಹೊಸಬರಿಗೆ ಇದನ್ನೇ ಹೇಳುತ್ತೇನೆ. ಅವಳ ಮಾತೆಂದು ಹೇಳಿಯೇ ಹೇಳುತ್ತೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಡೆಂಗಿ ಜ್ವರ ಬಂತು. ಊರೆಲ್ಲ ಡೆಂಗಿ, ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಇಬ್ಬರು. ನಾನು ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ. "ಸೋಮವಾರ ಆಡಿಗೆ ಸೂಜಿ ಹಾಕ್ಸೂದೈತಿ, ಮರೀಬ್ಯಾಡ" ಎಂದಳು. ಸೋಮವಾರಕ್ಕೆ ಅವಳಿರಲಿಲ್ಲ. ಗದಗಿನಿಂದ ಅವಳ ಅಣ್ಣ ಬಂದರು. ಯಮುನೆಯ ದಡದಲ್ಲಿ ಎಲ್ಲ ಮುಗಿಸಿ, ಅವಳ ಟ್ರಂಕು ಹಿಡಿದುಕೊಂಡು ವಾಪಸ್ಸಾದರು.

ಹಳ್ಳಿಗೆ ಸುದ್ದಿ ಹೇಳಲು ನಾನೇ ಹೋದೆ. ಆ ಹುಡುಗಿ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಹೇಳಿದೆ. ಕೈಯಲ್ಲಿದ್ದದ್ದನ್ನು ಬಿಟ್ಟು ನೆಲಕ್ಕೆ ಕುಸಿದವಳು ಬಂಗಾಳಿಯಲ್ಲಿ ಕೂಗಿ ಕೂಗಿ ಅತ್ತಳು. ಅವಳ ಬಾಯಲ್ಲಿ ಆ ಭಾಷೆಯನ್ನು ನಾನು ಕೇಳಿದ್ದು ಅದೇ ಮೊದಲು. ಕೇರಿಯ ಹೆಂಗಸರೆಲ್ಲ ಮುಸುಕೆಳೆದುಕೊಂಡು ಬಂದು ಅವಳ ಸುತ್ತ ಕೂತರು. ಅತ್ತೆ ಅವಳ ತಲೆಯನ್ನು ಎದೆಗೊತ್ತಿಕೊಂಡಳು. ಹುಕ್ಕಾದ ಹಿರಿಯರೂ ಬಂದು ಅವಳ ನೆತ್ತಿಯ ಮೇಲೆ ಕೈಯಿಟ್ಟು, "ನಿನ್ನ ಅಕ್ಕ ಹೋದಳಮ್ಮ" ಎಂದರು. ಯಾರೋ ನನಗೊಂದು ಹಗ್ಗದ ಮಂಚ ತಂದು ಹಾಕಿದರು.

ಲಕ್ಷ್ಮೀ ನಗರದ ನಮ್ಮ ಕೋಣೆಯಲ್ಲಿ ಅವಳ ಹಾಸಿಗೆ ಆ ಬೆಳಿಗ್ಗೆಯೂ ಮಡಿಸದೆಯೇ ಬಿದ್ದಿತ್ತು. ಅದನ್ನು ಯಾರಿಗೆ ಹೇಳಲಿ? ನನ್ನನ್ನು ಯಾರೂ ಏನೂ ಕೇಳಲಿಲ್ಲ, ತಪ್ಪು ಅವರದಲ್ಲ. ನಾನು ಮಂಚದ ಮೇಲೆ ಕೂತು, ಮಣ್ಣಿನಲ್ಲಿ ಹೊರಳಿ ಅಳುತ್ತಿದ್ದ ಆ ಹುಡುಗಿಯನ್ನೇ ನೋಡುತ್ತಿದ್ದೆ. ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು, ಈ ಸಲ ಈ ಹುಡುಗಿಯ ಮೇಲೆ. ಅಷ್ಟು ಜನರ ಮುಂದೆ ಅಕ್ಕಾ ಎಂದು ಕೂಗಿ ಅಳುವುದು ನನಗೂ ಬೇಕಾಗಿತ್ತು. ಆದರೆ ಹೋದವಳೂ ನಾನೂ ಒಂದೇ ವಯಸ್ಸಿನವರು. ಹಾಗೆ ಅವಳನ್ನು ನಾನು ಒಂದು ದಿನವೂ ಕರೆದಿರಲಿಲ್ಲ.