ಹೊಟ್ಟಿನೊಳಗಿನ ಪಿಚಕಾರಿ

ಅಂದು ಮಹಡಿಯ ಕೋಣೆಯ ಬಾಗಿಲಿಗೆ ಚಿಲಕ ಹಾಕಿದ್ದೆನೋ ಇಲ್ಲವೋ, ಅಲ್ಲಿಂದಲೇ ನನ್ನ ಅನುಮಾನ ಶುರುವಾಗುತ್ತದೆ. ಹಾಕಿದ್ದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅದೇ ನೆನಪಾಗಿರಲೂಬಹುದು. ಇಂಥ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದವಳು ನಾನು; ನೀವೂ ನಗಿ, ಬೇಸರವಿಲ್ಲ.

ಹಳೆಯ ಆಟದ ಪಿಚಕಾರಿಗಳನ್ನು ಕೂಡಿಡುವುದು ನನ್ನ ಹುಚ್ಚು. ಗಂಗಾವತಿಯ ಗುಜರಿ ಅಂಗಡಿ, ಕುಷ್ಟಗಿಯ ಸಂತೆ, ಯಾರದೋ ಮನೆಯ ಅಟ್ಟ, ಹೀಗೆ ಎಲ್ಲೆಲ್ಲಿಂದಲೋ ಬಂದವು: ಹಿತ್ತಾಳೆಯವು, ತಗಡಿನ ಪಿಸ್ತೂಲುಗಳು, ರಬ್ಬರು ಬಿರಿದ ಪ್ಲಾಸ್ಟಿಕ್ಕಿನವು. ಅವಕ್ಕೆ ನೀರು ತೋರಿಸುವುದಿಲ್ಲ. ಹಳೇ ತಗಡು ಒಂದು ಹನಿಗೂ ತುಕ್ಕು ಹಿಡಿಯುತ್ತದೆ. ಮಿಲ್ಲಿನಿಂದ ಭತ್ತದ ಹೊಟ್ಟು ತಂದು ಬಿಸಿಲಿಗೆ ಒಣಗಿಸಿ, ಟ್ರಂಕಿಗೆ ತುಂಬಿ, ಅದರೊಳಗೆ ಹೂತಿಡುತ್ತೇನೆ. ನನ್ನ ಗಂಡನಿಗೆ ಇದೆಲ್ಲ ತಲೆಹರಟೆ. ಅವರು ಒಂದು ಪಿಚಕಾರಿಯನ್ನೂ ಮುಟ್ಟಿದವರಲ್ಲ.

ಅವರು ತೀರಿಕೊಂಡ ವರ್ಷದ ಓಕುಳಿ ಅದು. ಸಾವಾದ ಮನೆಗೆ ಆ ವರ್ಷ ಬಣ್ಣ ಸೋಕಬಾರದು. ನನಗಂತೂ ಇನ್ನು ಎಂದೂ ಸೋಕಬಾರದೆಂದು ನೆಂಟರು ಸೇರಿ ತೀರ್ಮಾನಿಸಿದ್ದರು. ಓಣಿಯ ಗಂಡಸರು ನಮ್ಮ ಬಾಗಿಲ ಮುಂದೆ ಹಲಗೆ ಬಡಿಯುವುದನ್ನು ನಿಲ್ಲಿಸಿ ಸುಮ್ಮನೆ ದಾಟಿ ಹೋದರು. ಆ ಸಿಟ್ಟಿಗೆ ಮಹಡಿಯ ಕೋಣೆ ಸೇರಿ, ಟ್ರಂಕು ತೆರೆದು ಬಗ್ಗಿದೆ. ಬೆನ್ನಿಗೆ ತಣ್ಣಗೆ ಏನೋ ಚಿಮ್ಮಿತು.

ತಿರುಗಿದರೆ ಯಾರೂ ಇಲ್ಲ. ಕಿಟಕಿ ಮುಚ್ಚಿತ್ತು. ನನ್ನ ಬೂದು ಸೀರೆಯಿಂದ ಗುಲಾಬಿ ನೀರು ಇಳಿಯುತ್ತಿತ್ತು. ಹೊಟ್ಟು ಕೆದಕಿದೆ. ಎಲ್ಲಕ್ಕಿಂತ ಅಡಿಯಲ್ಲಿ ಕೆಂಪು ತಗಡಿನ ಪಿಸ್ತೂಲು. ಕೊಂಡ ದಿನದಿಂದ ಅದರ ಬೆರಳಿಂದ ಒತ್ತುವ ಕುದುರೆ ತುಕ್ಕು ಹಿಡಿದು ಕೂತಿದೆ, ಕದಲಿದ್ದೇ ಇಲ್ಲ. ಅದರ ಮೂತಿಯಲ್ಲಿ ಒಂದು ಗುಲಾಬಿ ಹನಿ. ಸುತ್ತಲಿನ ಹೊಟ್ಟು ಮಾತ್ರ ಗರಿಗರಿ ಒಣಗಿತ್ತು.

ಪಿಸ್ತೂಲು ಹಿಡಿದು ಕೆಳಗಿಳಿದು ನಡೆದದ್ದು ಹೇಳಿದೆ. ಅತ್ತೆ ನನ್ನ ಒದ್ದೆ ಬೆನ್ನು ಮುಟ್ಟಿ ನೋಡಿದರು. ಆಮೇಲೆ ಅಂದರು: "ನನ್ನ ಮಗಾನ ಬಂದಿದ್ದ ನೋಡವ್ವ. ಅದನ್ನ ಹುಲಿಗಿಗೆ ಒಯ್ದು ಹೊಳಿಗೆ ಬಿಟ್ಟು ಬರೂಣು. ಅವಂಗ ಶಾಂತಿ ಸಿಗ್ಲಿ."

"ನಿಮ್ಮ ಮಗ ಓಕುಳಿ ದಿನ ಬಾಗಲಾ ಹಾಕ್ಕೊಂಡು ಮಕ್ಕೋತಿದ್ರಲ್ಲರಿ ಅತ್ತಿ," ಎಂದೆ.

"ಸತ್ತ ಮ್ಯಾಲೆ ಬುದ್ಧಿ ಬಂದೈತೇನೊ."

ಇಬ್ಬರಿಗೂ ನಗು ಬಂತು. ಅವರು ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆದರೂ ನಾನು ಪಿಸ್ತೂಲು ಕೊಡಲಿಲ್ಲ. ನೆಂಟರು ಬಂದು ಬೈದರು, ಕೊಡಲಿಲ್ಲ. ಗಂಡನೇ ಬಂದು ಬಣ್ಣ ಹಾಕಿದ ಎಂದರೆ ಎಲ್ಲರಿಗೂ ಸಮಾಧಾನ, ಕಥೆಯೂ ಚೆಂದ. ಆದರೆ ಬಣ್ಣಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಿಲ್ಲ, ಸತ್ತವರದಂತೂ ಬೇಡ.

ಆ ಸೀರೆಯನ್ನು ನಾನು ತೊಳೆದಿಲ್ಲ. ಮರುವರ್ಷ ಓಕುಳಿಗೆ ಅದನ್ನೇ ಉಟ್ಟು ಬಾಗಿಲಲ್ಲಿ ನಿಂತೆ. ಹಲಗೆ ನಿಂತಿತು. ನಾನು ಒಳಗೆ ಹೋಗಲಿಲ್ಲ. ಕಡೆಗೆ ಅತ್ತೆಯೇ ಹಿಂದಿನಿಂದ, "ಬಡೀರಿ, ಯಾಕ ನಿಂತೀರಿ?" ಎಂದರು. ಈಗ ನಮ್ಮ ಬಾಗಿಲಲ್ಲಿ ಹಲಗೆ ನಿಲ್ಲುವುದಿಲ್ಲ.

ಪಿಸ್ತೂಲು ಹೊಟ್ಟಿನಲ್ಲೇ ಇದೆ. ಕುದುರೆ ಇಂದಿಗೂ ಕದಲುವುದಿಲ್ಲ. ಅಂದು ಅದಕ್ಕೆ ನೀರು ತುಂಬಿದವರು ಯಾರು, ನನಗೆ ಗೊತ್ತಿಲ್ಲ.