ಕೋಟೆಗೆ ಬುತ್ತಿ

ನಮ್ಮತ್ತೆಗೆ ಗುಡ್ಡ ಹತ್ತುವುದು ಹೊಸದಲ್ಲ. ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ನಮ್ಮ ಮನೆಗೆ ಹತ್ತಿರದ ಗುಡ್ಡವನ್ನು ದಿನಾ ಬೆಳಿಗ್ಗೆ, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಪಕ್ಕದ ಬೀದಿಯ ಆಂಟಿಯರ ಜೊತೆ ಹತ್ತಿ ಬರುತ್ತಾರೆ. ಹಾಗಾಗಿ ರಜೆಗೆ ಅಲ್ಬೇನಿಯಾದ ಬೆಟ್ಟದ ಹಳ್ಳಿಯೊಂದಕ್ಕೆ ಅವರನ್ನೂ ಕರೆದುಕೊಂಡು ಹೊರಟಾಗ ನನಗೆ ಅವರ ಮಂಡಿಯ ಚಿಂತೆ ಇರಲಿಲ್ಲ. ಇದ್ದದ್ದು ಬೇರೆ ಚಿಂತೆ.

ನಾನು ನರ್ಸ್. ದೂರದ ದಕ್ಷಿಣದ ಊರು ಕ್ರೈಸ್ಟ್‌ಚರ್ಚಿನ ಆಸ್ಪತ್ರೆಯೊಂದು ವಾರ್ಡ್ ನೋಡಿಕೊಳ್ಳಲು ನನ್ನನ್ನು ಕರೆದಿತ್ತು. ಎಷ್ಟೋ ವರ್ಷಗಳಿಂದ ಬಯಸಿದ್ದ ಕೆಲಸ. ರಜೆಯಿಂದ ವಾಪಸಾದ ಕೂಡಲೇ ಉತ್ತರ ಕೊಡಬೇಕಿತ್ತು. ಅಲ್ಲಿಯ ರಿಕ್ಕರ್ಟನ್ ಬಡಾವಣೆಯ ಬಾಡಿಗೆ ಮನೆಗಳನ್ನು ಫೋನಿನಲ್ಲಿ ಕದ್ದು ನೋಡುತ್ತಿದ್ದೆ. ಆದರೆ ಹಿಂದೊಮ್ಮೆ ಆ ಊರಿನ ಚಳಿಯ ಬಗ್ಗೆ ಯಾರೋ ಹೇಳಿದಾಗಲೇ ಅತ್ತೆ, ಅಲ್ಲಿಗಂತೂ ತಾನು ಬರುವುದಿಲ್ಲ ಎಂದು ಸಾರಿಬಿಟ್ಟಿದ್ದರು. ನಾವು ಹೋದರೆ ಅವರು ಬೆಂಗಳೂರಿಗೆ, ದೊಡ್ಡ ಮಕ್ಕಳ ಮನೆಗೆ ಹಿಂದಿರುಗಬೇಕು. ಮಾವ ತೀರಿಕೊಂಡಾಗ ಮೊದಲನೆಯ ಸೊಸೆಯ ಮನೆಯಲ್ಲಿ ರಿಪೇರಿ ನಡೆಯುತ್ತಿತ್ತು, ಎರಡನೆಯವಳ ಮಗಳಿಗೆ ಪರೀಕ್ಷೆಯಿತ್ತು. ಆ ರಿಪೇರಿ ಇನ್ನೂ ಮುಗಿದಿಲ್ಲ. ನಿಮ್ಮ ಜೊತೆ ಇರಲೇ ಎಂದು ಅತ್ತೆ ಕಿರಿಯವಳಾದ ನನ್ನನ್ನು ಕೇಳಿದರು, ನಾನು ಹೂಂ ಅಂದೆ. ಜಗಳವಾಡಿಕೊಂಡೇ ಅತ್ತೆ ನನಗೆ ಬೇಕಾದವರಾಗಿಬಿಟ್ಟಿದ್ದರು. ಗಂಡನನ್ನು ಕೇಳಿದರೆ "ನೀನೇ ಯೋಚನೆ ಮಾಡು" ಅನ್ನುತ್ತಿದ್ದ. ಅದನ್ನು ಅವನು ಧಾರಾಳತನ ಅಂದುಕೊಂಡಿದ್ದ.

ಆ ಬೆಟ್ಟದ ಹಳ್ಳಿ ಗಂಡನ ಹಳೆಯ ಫ್ಲ್ಯಾಟ್‌ಮೇಟ್‌ನ ಹುಟ್ಟೂರು. ಆ ಗೆಳೆಯನ ಅಕ್ಕ ತಮ್ಮ ಮನೆಯ ಮಹಡಿಯ ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾರೆ. ಕಲ್ಲಿನ ಚಾವಣಿಯ ಮನೆಗಳು, ನಡೆದು ನಡೆದು ನುಣುಪಾದ ಓಣಿಗಳು, ಅಂಗಳಕ್ಕೊಂದು ದ್ರಾಕ್ಷಿ ಚಪ್ಪರ, ಎಲ್ಲದರ ಮೇಲೆ ಮುರುಕು ಕೋಟೆ. ಮೊದಲ ದಿನ ಆ ಅಕ್ಕ ನಮ್ಮನ್ನು ಓಣಿ ಓಣಿ ಸುತ್ತಿಸಿ ಪ್ರತಿ ಕಲ್ಲಿಗೂ ಒಂದು ಕತೆ ಹೇಳಿದರು. ಬಂಡೆಯ ಮೇಲೆ ರಾಕ್ಷಸನ ಹೆಜ್ಜೆ ತೋರಿಸಿದಾಗ ಅತ್ತೆ ತಲೆಯಾಡಿಸಿದರು. ಇಂಥ ಹೆಜ್ಜೆ ನಮ್ಮಲ್ಲಿ ಊರಿಗೊಂದಿದೆ, ಎಲ್ಲ ಭೀಮನದೇ ಎಂದು ಅವರಿಗೆ ಹೇಳು ಅಂದರು. ಹೇಳಿದೆ.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕೋಟೆಯ ಕತೆ ಬಂತು. ಆ ಅಕ್ಕ ತಮ್ಮ ಹರುಕು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೂವರು ಅಣ್ಣತಮ್ಮಂದಿರು ಕೋಟೆ ಕಟ್ಟುತ್ತಿದ್ದರಂತೆ. ಹಗಲು ಎದ್ದ ಗೋಡೆ ರಾತ್ರಿ ಬೀಳುತ್ತಿತ್ತು. ನಾಳೆ ಯಾವ ಹೆಂಡತಿ ಬುತ್ತಿ ತರುತ್ತಾಳೋ ಅವಳನ್ನು ಗೋಡೆಯೊಳಗೆ ನಿಲ್ಲಿಸಿ ಕಟ್ಟಬೇಕು, ಮನೆಯಲ್ಲಿ ಯಾರೂ ಬಾಯಿ ಬಿಡಬಾರದು ಎಂದು ಒಪ್ಪಂದವಾಯಿತು. ದೊಡ್ಡವರಿಬ್ಬರೂ ತಮ್ಮ ಹೆಂಡತಿಯರ ಬಳಿ ಬಾಯಿ ಬಿಟ್ಟರು. ಬೆಳಿಗ್ಗೆ ಬುತ್ತಿ ಒಯ್ಯಲು ಅವರ ಅತ್ತೆ ಕೇಳಿದಾಗ ಒಬ್ಬಳಿಗೆ ಬಟ್ಟೆ ಒಗೆಯುವುದಿತ್ತು, ಇನ್ನೊಬ್ಬಳಿಗೆ ತವರಿಗೆ ಹೋಗುವುದಿತ್ತು. ಕಿರಿಯವಳು ಹೂಂ ಅಂದಳು. ಮಗುವನ್ನು ನೋಡುವುದಕ್ಕೆ ಒಂದು ಕಿಂಡಿ ಬಿಡಿ ಎಂದಷ್ಟೇ ಬೇಡಿಕೊಂಡಳಂತೆ.

ನಾನು ಇಷ್ಟು ಹೇಳುವಾಗ ಗಂಡ ಬ್ರೆಡ್ಡಿಗೆ ಬಹಳ ಶ್ರದ್ಧೆಯಿಂದ ಬೆಣ್ಣೆ ಸವರುತ್ತಿದ್ದ. ನಮ್ಮ ಕಡೆಯ ಕೋಟೆಗಳಲ್ಲೂ ಕೆರೆಗಳಲ್ಲೂ ಇಂಥ ಸೊಸೆಯರಿದ್ದಾರೆ, ಅತ್ತೆಗೆ ಕತೆ ಹೊಸದಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ:

"ಆ ಅತ್ತೆಗೆ ಗೊತ್ತಿತ್ತಾ, ಕೇಳು."

ಹಾಗೆ ಈವರೆಗೆ ಯಾರೂ ಕೇಳಿಲ್ಲ ಎಂದು ಆ ಅಕ್ಕ ಭುಜ ಹಾರಿಸಿದರು.

ಹೊರಗಿನ ಊಟ ಅತ್ತೆಗೆ ಒಗ್ಗುವುದಿಲ್ಲ. ಹಾಗಾಗಿ ಹೋದಲ್ಲೆಲ್ಲ ನಮ್ಮ ಜೊತೆ ಪುಟ್ಟ ಕುಕ್ಕರು, ಒಗ್ಗರಣೆ ಸಾಮಾನು ಇರುತ್ತವೆ. ಅಂದು ಅಲ್ಲಿಯ ಗಟ್ಟಿ ಮೊಸರಿನಲ್ಲಿ ಮೊಸರನ್ನ ಕಲೆಸಿ ಸ್ಟೀಲ್ ಡಬ್ಬಿಗೆ ತುಂಬಿದ್ದೆ. ಕೋಟೆಗೆ ಹೊರಟು ಬಾಗಿಲು ದಾಟುವಾಗ ಅತ್ತೆ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ಗಂಡ ತಾನು ಹಿಡಿದುಕೊಳ್ಳುತ್ತೇನೆಂದರೂ ಬಿಡಲಿಲ್ಲ. ದಾರಿ ಕಡಿದಾಗಿತ್ತು, ಬಿಸಿಲು ಸುಡುತ್ತಿತ್ತು. ಎರಡು ಸಲ ಕೈ ಚಾಚಿದೆ, ಎರಡು ಸಲವೂ ಸೆರಗಿನ ಮರೆಗೆ ಸರಿಸಿಕೊಂಡರು. ನನಗೆ ಸಿಟ್ಟು ಬಂತು. ಈ ವಯಸ್ಸಿನಲ್ಲಿ ಇದೆಂಥ ಹಟ ಎಂದು ಗೊಣಗಿಕೊಂಡೇ ಹತ್ತಿದೆ.

ಮೇಲೆ ಗೋಡೆಯಲ್ಲಿ ಕಿಂಡಿ ನಿಜಕ್ಕೂ ಇತ್ತು, ಅಂಗೈ ಅಗಲದ್ದು. ಅತ್ತೆ ಶೂ ಬಿಚ್ಚಿಟ್ಟು, ಪರ್ಸಿನಿಂದ ಕುಂಕುಮ ತೆಗೆದು ಕಲ್ಲಿಗೆ ಹಚ್ಚಿಯೇ ಬಿಟ್ಟರು. ಟಿಕೆಟ್ ಕೊಡುವ ಮುದುಕ ದೂರದಿಂದ ಕೂಗುತ್ತಾ ಬಂದ. ಗಂಡ ಅವನನ್ನು ಸಮಾಧಾನ ಮಾಡಲು ಓಡಿದ, ಆ ಕೆಲಸ ಅವನಿಗೆ ಚೆನ್ನಾಗಿ ಬರುತ್ತದೆ. ಅಷ್ಟರಲ್ಲಿ ಅತ್ತೆ ಡಬ್ಬಿ ತೆರೆದು ಮೊದಲ ತುತ್ತನ್ನು ಕಿಂಡಿಯಲ್ಲಿಟ್ಟಿದ್ದರು.

"ಆ ಮುದುಕಿಗೆ ಗೊತ್ತಿತ್ತು ಕಣೆ," ಅಂದರು. "ಚಿಕ್ಕವಳು ಇಲ್ಲ ಅನ್ನಲ್ಲ ಅಂತ ಗೊತ್ತಿದ್ದೇ ಕೇಳಿರ್ತಾಳೆ. ನಾನೂ ಹಂಗೇ ಕೇಳಿದ್ದು."

ಮೂವರೂ ಗೋಡೆಯ ನೆರಳಲ್ಲಿ ಕೂತು ಉಂಡೆವು. ಮುದುಕನಿಗೂ ಒಂದಿಷ್ಟು ಕೊಟ್ಟೆವು. ಒಗ್ಗರಣೆಯ ಮೆಣಸಿನಕಾಯಿ ಕಚ್ಚಿ ಅವನ ಕಣ್ಣಲ್ಲಿ ನೀರು ಬಂತು, ಆದರೂ ಇನ್ನಷ್ಟು ಹಾಕಿಸಿಕೊಂಡ. ಕೈ ತೊಳೆದ ಮೇಲೆ ಅತ್ತೆ, ಕಣಿವೆಯ ಕಡೆ ನೋಡುತ್ತಾ, ಕ್ರೈಸ್ಟ್‌ಚರ್ಚಿನ ಆಸ್ಪತ್ರೆಯವರಿಗೆ ಏನು ಹೇಳಿದೆ ಎಂದು ಕೇಳಿದರು. ನಾನು ಅವರಿಗೆ ಆ ಕೆಲಸದ ವಿಷಯ ಹೇಳಿಯೇ ಇರಲಿಲ್ಲ. ಗಂಡನ ಮುಖ ನೋಡಿದೆ. ಅವನು ಡಬ್ಬಿಯ ಮುಚ್ಚಳ ಹುಡುಕುತ್ತಿದ್ದ.

"ಇನ್ನೂ ಏನೂ ಹೇಳಿಲ್ಲ," ಅಂದೆ.

"ಆ ಚಳಿ ಊರಲ್ಲಿ ಹತ್ತೋಕೆ ಗುಡ್ಡ ಇದೆಯಾ?"

"ಇದೆ. ಊರ ಪಕ್ಕದಲ್ಲೇ ಸಾಲಾಗಿವೆ."

"ಹಂಗಾದ್ರೆ ಹೂಂ ಅಂತ ಹೇಳು. ನಂಗೆ ಒಂದು ದಪ್ಪ ಸ್ವೆಟರ್ ಕೊಡಿಸು."

ನಾನು ಅತ್ತುಬಿಟ್ಟೆ, ಆ ಮುದುಕನ ಎದುರೇ. ಅವರು ಎದ್ದು ಶೂ ಕಟ್ಟಿಕೊಂಡು, ಖಾಲಿ ಡಬ್ಬಿಯನ್ನು ನನ್ನ ಒಂದು ಕೈಗೆ ಕೊಟ್ಟು ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಇಳಿಯುವಾಗ ಮಂಡಿ ನೋಯುತ್ತದೆ, ನಿಧಾನ ನಡಿ ಅಂದರು.